ಅರ್ಧ ಗೇಣಿನ ದೂರ

ಮಾರ್ಚ್ ೩, ಸೋಮವಾರ

ಕಣ್ಣಾಸ್ಪತ್ರೆಯವರು ಈ ಪುಸ್ತಕ ಕೊಟ್ಟಿದ್ದಾರೆ. ಆಪರೇಷನ್ ಆದ ಮೇಲೆ ಯಾವ ಹನಿಯನ್ನು ಎಷ್ಟು ಹೊತ್ತಿಗೆ ಹಾಕಿಕೊಂಡೆ ಎಂದು ಇದರಲ್ಲಿ ಬರೆದಿಡಬೇಕಂತೆ. ಆಪರೇಷನ್ನಿಗೆ ಇನ್ನೂ ಹತ್ತು ದಿನ ಇದೆ. ಅಷ್ಟು ದಿನ ಖಾಲಿ ಹಾಳೆ ನೋಡಿಕೊಂಡು ಸುಮ್ಮನಿರುವುದು ನನ್ನ ಕೈಲಾಗುವ ಮಾತಲ್ಲ. ಖಾಲಿ ಜಾಗ ಕಂಡರೆ ತುಂಬಿಸಬೇಕು, ಅದು ನನ್ನ ಕಸುಬಿನ ರೋಗ.

ಇವತ್ತು ಎರಡು ಗಂಟೆ ಪರೀಕ್ಷೆ ಮಾಡಿದರು. ಗಲ್ಲ ಇಲ್ಲಿಡಿ, ಹಣೆ ಅಲ್ಲಿ ಒತ್ತಿ, ರೆಪ್ಪೆ ಬಡಿಯಬೇಡಿ. ಎರಡೂ ಕಣ್ಣು ಮೈನಸ್ ಎಂಟು. ಗುಡ್ಡೆಯ ಮೇಲಿನ ಪೊರೆ ಒಳ್ಳೆ ದಪ್ಪಗಿದೆ, ಲೇಸರಿನಿಂದ ಕೆತ್ತಿ ಸರಿಮಾಡಲು ಬೇಕಾದಷ್ಟಿದೆ ಎಂದು ಡಾಕ್ಟರಮ್ಮ ಮೆಚ್ಚಿಕೊಂಡರು. ನನ್ನ ಕಣ್ಣನ್ನು ಯಾರಾದರೂ ಹೊಗಳಿದ್ದು ಈ ನಲವತ್ತೆರಡು ವರ್ಷದಲ್ಲಿ ಇದೇ ಮೊದಲು. ಶಾಲೆಯಲ್ಲಿ ಸೋಡಾಬುಡ್ಡಿ, ಓಣಿಯಲ್ಲಿ ಸೋಡಾಬುಡ್ಡಿ. ಗಂಡ ಅನ್ನುವವನು ಒಬ್ಬ ಇದ್ದ, ಅವನು ಸಿಟ್ಟು ಬಂದಾಗ ಅನ್ನುತ್ತಿದ್ದುದೂ ಅದನ್ನೇ. ಅವನ ಸುದ್ದಿ ಈ ಪುಸ್ತಕಕ್ಕೆ ಬೇಡ.

ಆಮೇಲೆ ಡಾಕ್ಟರಮ್ಮ ನನ್ನ ಕೆಲಸ ಏನು, ತುಂಬ ಹತ್ತಿರ ಹಿಡಿದು ನೋಡುವಂಥದ್ದೇನಾದರೂ ಇದೆಯೇ ಎಂದು ಕೇಳಿದರು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ಕೆಲಸ ಅಂದೆ. ಸುಳ್ಳೇನಲ್ಲ. ಆ ಅಂಗಡಿಯಲ್ಲಿ ರಫು ಮಾಡುವವಳು ನಾನು, ದಿನವಿಡೀ ಬಟ್ಟೆಯನ್ನು ಮೂಗಿಗೆ ಹಚ್ಚಿಕೊಂಡು ಕೂರುತ್ತೇನೆ ಎಂದು ಅಷ್ಟು ಅಚ್ಚುಕಟ್ಟಾದ ಹೆಂಗಸಿನ ಮುಂದೆ ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಈಗಲೂ ಕನ್ನಡಕ ತೆಗೆದಿಟ್ಟು ಹಾಳೆಗೆ ಬಾಗಿ ಬರೆಯುತ್ತಿದ್ದೇನೆ. ಅಕ್ಷರಗಳು ಇರುವೆ ಸಾಲಿನ ಹಾಗಿವೆ. ಇಷ್ಟೆಲ್ಲ ಬರೆದರೂ ಅರ್ಧ ಪುಟ ದಾಟಿಲ್ಲ.

ಮಾರ್ಚ್ ೫, ಬುಧವಾರ

ರಫು ಅಂದರೆ ತೇಪೆಯಲ್ಲ ಎಂದು ಇಸ್ತ್ರಿಯವನಿಗೆ ಹದಿನೆಂಟು ವರ್ಷದಿಂದ ಹೇಳುತ್ತಿದ್ದೇನೆ. ತೇಪೆ ತೂತನ್ನು ಮುಚ್ಚುತ್ತದೆ. ರಫು ತೂತೇ ಇರಲಿಲ್ಲ ಅನ್ನಿಸುತ್ತದೆ. ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿ ತೆಗೆದು, ಉದ್ದದ ಹಾಸೆಳೆಗೆ ಹಾಸು, ಅಡ್ಡದ ಹೊಕ್ಕೆಳೆಗೆ ಹೊಕ್ಕು ಸೇರಿಸಿ ಮತ್ತೆ ನೇಯಬೇಕು. ಅವನಿಗೆ ಎಲ್ಲ ಒಂದೇ. ‘ಅಕ್ಕ, ಇವತ್ತು ಎಷ್ಟು ತೇಪೆ?’ ಎಂದು ಕೇಳಿಯೇ ಇಸ್ತ್ರಿಪೆಟ್ಟಿಗೆ ಬಿಸಿಗಿಡುತ್ತಾನೆ.

ನನ್ನ ಮೂಲೆಗೆ ಪರದೆ ಬಂದದ್ದು ಅವನ ಬಾಯಿಯಿಂದಲೇ. ಹೊಸದರಲ್ಲಿ ಒಬ್ಬ ಗಿರಾಕಿಗೆ ‘ಅಕ್ಕ ಬಟ್ಟೆ ಮೂಸಿ ನೋಡಿ ತೂತು ಹುಡುಕ್ತಾರೆ’ ಅಂದುಬಿಟ್ಟ. ಅಂಗಡಿಯೆಲ್ಲ ನಕ್ಕಿತು. ಅದೇ ವಾರ ಪರದೆ ತೂಗುಹಾಕಿಸಿದೆ. ಅದರ ಹಿಂದೆ ಕೂತು, ಕನ್ನಡಕ ತೆಗೆದಿಟ್ಟು, ಬಟ್ಟೆಯನ್ನು ಕಣ್ಣಿನಿಂದ ಅರ್ಧ ಗೇಣು ದೂರಕ್ಕೆ ಎತ್ತಿ ಹಿಡಿದರೆ ಒಂದೊಂದು ಎಳೆಯೂ ಹಗ್ಗದ ಹಾಗೆ ಕಾಣುತ್ತದೆ. ಕನ್ನಡಕ ಹಾಕಿಕೊಂಡರೆ ಅಷ್ಟು ಕಾಣುವುದಿಲ್ಲ. ಯಾಕೋ ಗೊತ್ತಿಲ್ಲ, ಯೋಚಿಸಲೂ ಹೋಗಿಲ್ಲ.

ಇವತ್ತು ಒಬ್ಬ ಎಳೆಯ ಲಾಯರಮ್ಮ ಬಂದಿದ್ದರು. ತೀರಿಹೋದ ಅಪ್ಪನ ಕರಿ ಕೋಟನ್ನು ತಮ್ಮ ಅಳತೆಗೆ ಹೊಲಿಸಿಕೊಂಡಿದ್ದಾರೆ. ಎದೆಯ ಎಡಭಾಗದಲ್ಲಿ ಕಿಡಿ ಬಿದ್ದು ಕಡಲೆಕಾಳಿನಷ್ಟು ಸುಟ್ಟಿದೆ. ಏಪ್ರಿಲ್ ಹದಿನೈದಕ್ಕೆ ಮೊದಲ ಸಲ ಒಬ್ಬರೇ ನಿಂತು ವಾದ ಮಾಡಬೇಕಂತೆ, ಈ ಕೋಟಿನಲ್ಲೇ. ಕರಿ ಬಟ್ಟೆಗೆ ಕರಿ ಎಳೆ ಎಂದರೆ ನಮ್ಮ ಕಸುಬಿನಲ್ಲಿ ಎಲ್ಲರೂ ಕೈ ಒರೆಸಿಕೊಂಡು ಹಿಂದೆ ಸರಿಯುತ್ತಾರೆ. ನಾನು ಸರಿಯಲಿಲ್ಲ. ಹೊಸ ಕಣ್ಣು ಬರುತ್ತಿದೆ, ಆ ಕಣ್ಣಿನಲ್ಲೇ ಮಾಡಿಕೊಡುತ್ತೇನೆ, ಇನ್ನೂ ಚೆನ್ನಾಗಿ ಬರುತ್ತದೆ ಎಂದು ಜಂಬ ಕೊಚ್ಚಿದೆ.

ಆದ ಮೇಲೆ ಜಾಗ ತೋರಿಸುತ್ತೀರಲ್ಲ ಎಂದು ಕೇಳಿದರು. ಅದಂತೂ ಆಗದು ಅಂದೆ. ಇದು ಅಮ್ಮ ಕಲಿಸಿದ ಮೊದಲ ಪಾಠ, ಸೂಜಿ ಹಿಡಿಯುವುದಕ್ಕಿಂತ ಮೊದಲಿನದು. ರಫು ಆದ ಜಾಗವನ್ನು ಯಾರಿಗೂ ತೋರಿಸಬಾರದು. ತೋರಿಸಿದರೆ ಆ ಬಟ್ಟೆ ಹಾಕಿಕೊಂಡಾಗಲೆಲ್ಲ ಅವರ ಕಣ್ಣು ಅಲ್ಲಿಗೇ ಹೋಗುತ್ತದೆ, ನಾವು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಮಾರ್ಚ್ ೮, ಶನಿವಾರ

ಇವತ್ತು ಕಾಗದಕ್ಕೆ ಸಹಿ ಹಾಕಿ ಬಂದೆ. ಅಮ್ಮ ಜೊತೆಗೆ ಬಂದಿದ್ದಳು. ಬಸ್ ನಿಲ್ದಾಣದಲ್ಲಿ ಎಂದಿನಂತೆ ತಾನೇ ಕತ್ತು ಉದ್ದ ಮಾಡಿ ನಂಬರು ಓದಿದಳು. ಎಪ್ಪತ್ತೊಂದು ವರ್ಷ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾಳೆ, ಆದರೂ ದೂರದ್ದೇನಿದ್ದರೂ ಅವಳೇ ಓದಬೇಕು. ನನಗೆ ಕನ್ನಡಕ ಬಂದು ಮೂವತ್ತಮೂರು ವರ್ಷವಾದರೂ ಒಂದು ದಿನವೂ ನನ್ನನ್ನು ಓದು ಅಂದವಳಲ್ಲ.

ಡಾಕ್ಟರಮ್ಮನ ಮುಂದೆ ಕೂತ ಕೂಡಲೇ ಹಳೇ ರಾಗ ತೆಗೆದಳು. ‘ಇವಳ ಕಣ್ಣು ಹಾಳು ಮಾಡಿದ್ದು ನಾನೇ ಡಾಕ್ಟ್ರೇ.’ ಏಳು ವರ್ಷದ ಮಗುವಿನ ಕೈಗೆ ಸೂಜಿ ಕೊಟ್ಟೆ, ಮಂದ ಬೆಳಕಿನಲ್ಲಿ ಕೂರಿಸಿದೆ ಎಂದೆಲ್ಲ. ಹಾಗೇನೂ ಇಲ್ಲಮ್ಮ, ಇದು ಬಹಳ ಮಟ್ಟಿಗೆ ಹುಟ್ಟಿನಿಂದಲೇ ಬರುವುದು, ಗುಡ್ಡೆ ಉದ್ದ ಬೆಳೆದಿದೆ ಅಷ್ಟೇ ಎಂದು ಅವರು ಚಿತ್ರ ತೋರಿಸಿ ಹೇಳಿದರು. ಅಮ್ಮ ಚಿತ್ರ ನೋಡಿ ತಲೆಯಾಡಿಸಿದಳು, ನಂಬಲಿಲ್ಲ. ಈ ರಾಗ ಕೇಳಿ ಕೇಳಿ ನನಗೆ ಸಾಕಾಗಿದೆ. ನಿಜ ಹೇಳಬೇಕೆಂದರೆ ಆಪರೇಷನ್ ಮಾಡಿಸಿಕೊಳ್ಳುತ್ತಿರುವುದು ಅರ್ಧ ನನಗಾಗಿ, ಅರ್ಧ ಇವಳ ಬಾಯಿ ಮುಚ್ಚಿಸಲು.

ನಲವತ್ತು ದಾಟಿದವರಿಗೆ ಆಮೇಲೆ ಓದಲು ಬೇರೆ ಕನ್ನಡಕ ಬೇಕಾಗುತ್ತದಂತೆ. ಬೇಕಿದ್ದರೆ ಒಂದು ಕಣ್ಣನ್ನು ಸ್ವಲ್ಪ ಹತ್ತಿರದ್ದು ಕಾಣುವ ಹಾಗೆ ಬಿಡುತ್ತೇವೆ ಅಂದರು. ಅರ್ಧಂಬರ್ಧ ಕೆಲಸ ನಮ್ಮ ವಂಶದಲ್ಲೇ ಇಲ್ಲ, ಎರಡನ್ನೂ ಪೂರ್ತಿ ಮಾಡಿ ಅಂದೆ. ಅವರು ನಕ್ಕರು, ನಾನೂ ನಕ್ಕೆ.

ಮಾರ್ಚ್ ೧೨, ಬುಧವಾರ

ನಾಳೆ. ಊಟ ಸೇರಲಿಲ್ಲ. ಕನ್ನಡಕ ಒರೆಸಿ ಪೆಟ್ಟಿಗೆಯಲ್ಲಿಟ್ಟು, ಮತ್ತೆ ತೆಗೆದು ಹಾಕಿಕೊಂಡೆ. ಇನ್ನೊಂದು ದಿನದ ಅನ್ನದ ಋಣ ಇದೆ ಇದಕ್ಕೆ.

ಮಾರ್ಚ್ ೧೫, ಶನಿವಾರ

ಎರಡು ದಿನ ಬರೆಯಲು ಬಿಡಲಿಲ್ಲ. ಇವತ್ತು ಅಮ್ಮ ಸ್ನಾನಕ್ಕೆ ಹೋದಾಗ ಕದ್ದು ಬರೆಯುತ್ತಿದ್ದೇನೆ.

ಇಷ್ಟೆತ್ತರದ ಮಂಚದ ಮೇಲೆ ಮಲಗಿಸಿದರು. ನೋವು ಗೊತ್ತಾಗದ ಹನಿ ಹಾಕಿದರು. ಆಮೇಲೆ ರೆಪ್ಪೆಗಳ ನಡುವೆ ಒಂದು ತಂತಿಯ ಚಿಮ್ಮಟ ಇಟ್ಟರು. ಅದನ್ನು ಇಟ್ಟ ಮೇಲೆ ಕಣ್ಣು ಮುಚ್ಚುವ ಹಾಗಿಲ್ಲ. ಮುಚ್ಚಬೇಕು ಅನ್ನಿಸಿದಾಗ ಮುಚ್ಚಲಾಗದಿದ್ದರೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೈಕಾಲು ಕಟ್ಟಿರಲಿಲ್ಲ, ಬಾಯಿ ಕಟ್ಟಿರಲಿಲ್ಲ, ಬೇಡ ಬಿಡಿ ಎಂದರೆ ಬಿಡುತ್ತಿದ್ದರು. ಆದರೂ ಬೋನಿಗೆ ಬಿದ್ದ ಇಲಿಯ ಹಾಗೆ ಒಳಗೊಳಗೇ ಒದ್ದಾಡಿದೆ. ಯಾವುದೋ ಬಳೆಯಂಥದ್ದನ್ನು ಕಣ್ಣಿಗೆ ಒತ್ತಿದರು. ಒಂದು ಕ್ಷಣ ಎಲ್ಲ ಕತ್ತಲು. ಆಮೇಲೆ ಹಸಿರು ಚುಕ್ಕೆ. ಅದನ್ನೇ ನೋಡಿ, ಅದನ್ನೇ ನೋಡಿ ಎಂದು ಡಾಕ್ಟರಮ್ಮ ಹೇಳುತ್ತಲೇ ಇದ್ದರು. ಚಟಚಟ ಸದ್ದು. ವಾಸನೆ ಬಂತು.

ಆ ವಾಸನೆ ನನಗೆ ಗೊತ್ತು. ಬಟ್ಟೆ ಅಪ್ಪಟ ಉಣ್ಣೆಯೋ ಅಲ್ಲವೋ ನೋಡಲು ನಾವು ಒಂದು ಎಳೆ ಸುಟ್ಟು ಮೂಸುತ್ತೇವೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಅದೇ ವಾಸನೆ. ಅಪ್ಪಟ ಮಾಲು ಎಂದುಕೊಂಡು ಮಲಗಿದಲ್ಲೇ ನಗು ಬಂತು, ಅಲುಗಾಡಬೇಡಿ ಎಂದು ಬೈಸಿಕೊಂಡೆ.

ನಿನ್ನೆ ಬೆಳಿಗ್ಗೆ ಗೋಡೆಯ ಮೇಲಿನ ಕೊನೆಯ ಸಾಲನ್ನು ಕನ್ನಡಕವಿಲ್ಲದೆ ಓದಿದೆ. ಅಮ್ಮ ಆಸ್ಪತ್ರೆಯಲ್ಲೇ ಅತ್ತಳು.

ಹನಿ: ೬, ೧೦, ೨, ೬. ಅಕ್ಷರ ಸರಿಯಾಗಿ ಕಾಣುತ್ತಿಲ್ಲ, ದಪ್ಪ ದಪ್ಪ ಬರೆಯುತ್ತಿದ್ದೇನೆ. ಸ್ವಲ್ಪ ದಿನ ಹೀಗೇ ಇರುತ್ತದಂತೆ.

ಮಾರ್ಚ್ ೧೭, ಸೋಮವಾರ

ಹೊರಗೆ ಹೋಗುವಂತಿಲ್ಲ. ತಲೆಗೆ ನೀರು ಹಾಕುವಂತಿಲ್ಲ. ಒಲೆ ಮುಂದೆ ನಿಲ್ಲುವಂತಿಲ್ಲ. ಕಣ್ಣು ಕೆರೆದರೂ ಮುಟ್ಟುವಂತಿಲ್ಲ. ಮಲಗುವಾಗ ಎರಡು ಪ್ಲಾಸ್ಟಿಕ್ ಬಟ್ಟಲನ್ನು ಕಣ್ಣಿಗೆ ಮುಚ್ಚಿ ಅಂಟಿಸಿಕೊಳ್ಳಬೇಕು. ಇರುವುದು ಎರಡು ಕೋಣೆ, ಅದರಲ್ಲೂ ಅಮ್ಮ ಕಿಟಕಿಗೆ ಹಳೇ ಕಂಬಳಿ ಕಟ್ಟಿದ್ದಾಳೆ. ನಾನು ಎದ್ದರೆ ಎದ್ದೆಯಾ ಅನ್ನುತ್ತಾಳೆ, ಕೂತರೆ ಕೂತೆಯಾ ಅನ್ನುತ್ತಾಳೆ.

ಆದರೂ ಒಂದು ಮಾತು ಹೇಳಲೇಬೇಕು. ಆ ಮೂಲೆಯಲ್ಲಿ ಕೂತಿರುವ ಅಮ್ಮನ ಮುಖ ಈ ಮೂಲೆಯಿಂದ ಕಾಣುತ್ತದೆ, ಹುಬ್ಬಿನ ನಡುವಿನ ಗೆರೆ ಸಹಿತ. ಮನೆಯಲ್ಲಿ ನಾನು ಸೂಜಿ ಹಿಡಿದು ಕೂತಾಗಲೆಲ್ಲ ಕನ್ನಡಕ ತೆಗೆದಿರುತ್ತಿದ್ದೆ. ಅರ್ಧ ಗೇಣಿನ ಆಚೆಗೆಲ್ಲ ಮಂಜು. ಅಮ್ಮ ಎದುರಿಗಿದ್ದಾಳೆ ಎಂದು ಗೊತ್ತು, ಹೇಗೆ ಕೂತಿದ್ದಾಳೆ ಎಂದು ಗೊತ್ತಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿರುತ್ತಾಳೆ. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಯಾವಾಗಲೂ ಹೀಗೇ ನೋಡುತ್ತಿದ್ದಳೋ, ಈಗ ಶುರುಮಾಡಿದ್ದೋ?

ಮಾರ್ಚ್ ೧೯, ಬುಧವಾರ

ಹನಿ ೬. ಹನಿ ೧೦. ಹನಿ ೨. ಹನಿ ೬.

ಮಾರ್ಚ್ ೨೪, ಸೋಮವಾರ

ಅಂಗಡಿಗೆ ಹೋದೆ. ಅಂಗಡಿ ಯಜಮಾನರು ಸಿಹಿ ತರಿಸಿದರು. ಇಸ್ತ್ರಿಯವನು ನನ್ನ ಮುಖ ನೋಡಿ, ‘ಅಕ್ಕ, ನಿಮ್ಗೆ ಕಣ್ಣು ಇತ್ತು ಅಂತ ಇವತ್ತೇ ಗೊತ್ತಾಗಿದ್ದು’ ಅಂದ. ಎಲ್ಲರಿಗೂ ಖುಷಿ.

ಪರದೆಯ ಹಿಂದೆ ಕೂತು ಒಂದು ಬೂದು ಕೋಟು ಎತ್ತಿಕೊಂಡೆ. ಅಭ್ಯಾಸಬಲ, ಕನ್ನಡಕ ತೆಗೆಯಲು ಕೈ ಮೂಗಿನ ಮೇಲೆ ಹೋಯಿತು. ಏನೂ ಇಲ್ಲ. ಬಟ್ಟೆಯನ್ನು ಅರ್ಧ ಗೇಣಿಗೆ ಎತ್ತಿದೆ. ಬೂದು ಬಣ್ಣದ ಹೊಗೆ. ಎಳೆ ಇಲ್ಲ, ನೇಯ್ಗೆ ಇಲ್ಲ, ತೂತಿನ ಅಂಚೇ ಇಲ್ಲ. ದೂರ ಹಿಡಿದೆ. ಕೈ ಚಾಚಿದಷ್ಟು ದೂರ ಹಿಡಿದಾಗ ಕೋಟು ಕಂಡಿತು, ತೂತು ಕಂಡಿತು, ಎಳೆ ಮಾತ್ರ ಕಾಣಲಿಲ್ಲ. ಅಷ್ಟು ದೂರದಿಂದ ಎಳೆ ಯಾರಿಗೆ ಕಂಡೀತು?

ಆಸ್ಪತ್ರೆಯವರು ಕೊಟ್ಟ ಓದುವ ಕನ್ನಡಕ ಹಾಕಿದೆ. ಪೇಪರು ಚೆನ್ನಾಗಿ ಓದಲು ಬಂತು. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಗೋಣಿಯ ಹಾಗೆ ಕಂಡವು. ಹತ್ತಿರ ತಂದರೆ ಮತ್ತೆ ಹೊಗೆ.

ಹೊಸತಲ್ಲವೇ, ಸರಿಹೋಗುತ್ತದೆ. ಕಣ್ಣು ಹೇಗಿದೆ ಎಂದು ಅಮ್ಮ ಕೇಳಿದಳು. ಬೊಂಬಾಟ್ ಅಂದೆ.

ಮಾರ್ಚ್ ೨೬, ಬುಧವಾರ

ಸರಿಹೋಗಿಲ್ಲ. ಪರದೆಯ ಹಿಂದೆ ಸುಮ್ಮನೆ ಕೂತಿದ್ದೆ. ಗುಂಡಿ ಹಾಕುವುದು, ಅಂಚು ಮಡಿಚುವುದು, ಅಂಥವನ್ನೆಲ್ಲ ಮಾಡಿದೆ. ಯಜಮಾನರು ಪರದೆಯ ಹೊರಗಿನಿಂದ ಲಾಯರಮ್ಮನ ಕೋಟು ಶುರುವಾಯಿತಾ ಎಂದು ಕೇಳಿದರು. ಕೋಟು ನನ್ನ ತೊಡೆಯ ಮೇಲೇ ಇತ್ತು. ಎಳೆ ತೆಗೆಯುತ್ತಿದ್ದೇನೆ ಅಂದೆ.

ಭೂತಗನ್ನಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನೋಡಿದೆ. ಎಳೆ ಕಾಣುತ್ತದೆ, ಆದರೆ ಸೂಜಿ ಹೋಗಿ ಗಾಜಿಗೆ ಹೊಡೆಯುತ್ತದೆ. ಕಣ್ಣು ಒಂದು ಕಡೆ, ಕೈ ಒಂದು ಕಡೆ. ನನ್ನ ಕೈಗೆ ಗೊತ್ತಿರುವುದು ಅರ್ಧ ಗೇಣಿನ ದೂರವೊಂದೇ. ಅಲ್ಲಿ ಈಗ ಕಣ್ಣಿಲ್ಲ.

ಮಾರ್ಚ್ ೨೯, ಶನಿವಾರ

ಅಮ್ಮನಿಗೆ ತಲೆನೋವಿನ ಮಾತ್ರೆ ತರುತ್ತೇನೆ ಎಂದು ಹೇಳಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ರಫು, ಪರದೆ, ಅರ್ಧ ಗೇಣು, ಎಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

‘ನಾನು ಕೇಳಿದ್ನಲ್ಲ,’ ಅಂದರು. ಬೈದ ಹಾಗಿರಲಿಲ್ಲ, ಅದೇ ಇನ್ನೂ ಚುಚ್ಚಿತು. ‘ಮೈನಸ್ ಎಂಟು ಇದ್ದವರಿಗೆ ಬರಿಗಣ್ಣೇ ಭೂತಗನ್ನಡಿ ಇದ್ದ ಹಾಗೆ. ಹೇಳಿದ್ರೆ ನಾನು ಆಪರೇಷನ್ನೇ ಬೇಡ ಅಂತಿದ್ನೋ ಏನೋ.’

ಹಿಂದಿನ ಹಾಗೆ ಮಾಡಲು ಬರುತ್ತದೆಯೇ ಎಂದು ಕೇಳಿದೆ. ಕೆತ್ತಿದ ಪೊರೆಯನ್ನು ಮತ್ತೆ ಅಂಟಿಸಲು ಬರುವುದಿಲ್ಲವಂತೆ.

ಹಾಗಾದರೆ ನಾನು ಬದುಕಿರುವ ತನಕ ಈ ಕಣ್ಣೊಳಗೇ ಇರಬೇಕು. ನಾನೇ ದುಂಬಾಲು ಬಿದ್ದು, ಎರಡನ್ನೂ ಪೂರ್ತಿ ಮಾಡಿ ಎಂದು ಹಲ್ಲು ಕಿರಿದು, ಬಾಗಿಲು ಹಾಕಿಸಿಕೊಂಡೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೆ. ಎದುರಿಗಿನ ಮರದ ಎಲೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಇದನ್ನು ಕಟ್ಟಿಕೊಂಡು ನಾನೇನು ಮಾಡಲಿ ಅನ್ನಿಸಿತು.

ಮನೆಗೆ ಬಂದಾಗ ಅಮ್ಮ ಪಕ್ಕದ ಮನೆಯಾಕೆಯ ಹತ್ತಿರ, ನನ್ನ ಮಗಳಿಗೆ ಈಗ ಹದ್ದಿನ ಕಣ್ಣು, ನಾನು ಇನ್ನು ನೆಮ್ಮದಿಯಾಗಿ ಸಾಯಬಹುದು ಎಂದು ಹೇಳಿಕೊಳ್ಳುತ್ತಿದ್ದಳು. ಮಾತ್ರೆ ತರುವುದೇ ಮರೆತಿತ್ತು. ಅಂಗಡಿ ಮುಚ್ಚಿತ್ತು ಅಂದೆ. ಈ ಬಾಯಿಂದ ಈಗ ಸುಳ್ಳು ಸರಾಗ.

ಏಪ್ರಿಲ್ ೧, ಮಂಗಳವಾರ

ಅಂದಾಜಿನ ಮೇಲೆ ನೇಯ್ದು ಕೊಟ್ಟಿದ್ದ ಬೂದು ಕೋಟು ವಾಪಸ್ ಬಂತು. ಗಿರಾಕಿ ಏನೂ ಜಗಳವಾಡಲಿಲ್ಲ, ಮೊಣಕೈ ತೋರಿಸಿ ಇಟ್ಟುಹೋದನಂತೆ. ಯಜಮಾನರು ಅದನ್ನು ಪರದೆಯೊಳಗೆ ತಂದು ಸ್ಟೂಲಿನ ಮೇಲೆ ಮೆಲ್ಲಗಿಟ್ಟರು.

‘ನೋಡೀಮ್ಮ, ಹದಿನೆಂಟು ವರ್ಷದಲ್ಲಿ ನಿಮ್ಮ ಕೆಲಸ ವಾಪಸ್ ಬಂದಿದ್ದು ಇದೇ ಮೊದಲು. ಲಾಯರಮ್ಮನ ಕೋಟು ಆಗುತ್ತೋ ಇಲ್ವೋ ಹೇಳ್ಬಿಡಿ. ಆಗಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ.’

ಕೋಟಿಗೆ ಬೇರೆಯವರೋ, ಈ ಮೂಲೆಗೇ ಬೇರೆಯವರೋ? ಕೇಳಲು ಧೈರ್ಯ ಬರಲಿಲ್ಲ. ಆಗುತ್ತದೆ ಅಂದೆ. ಎರಡೂ ಕೋಟನ್ನು ಚೀಲಕ್ಕೆ ತುರುಕಿಕೊಂಡು ಬಂದೆ. ಪುಟಕ್ಕೆ ಎಂಟು ಸಾಲೂ ಹಿಡಿಸುತ್ತಿಲ್ಲ, ಪುಸ್ತಕ ಬೇಗ ಬೇಗ ಮುಗಿಯುತ್ತಿದೆ.

ಏಪ್ರಿಲ್ ೩, ಗುರುವಾರ

ಅಮ್ಮನಿಗೆ ಗೊತ್ತಾಯಿತು.

ನಾನು ತರಕಾರಿ ತರಲು ಹೋಗಿದ್ದೆ. ಬಂದಾಗ ಬೂದು ಕೋಟು ಅವಳ ತೊಡೆಯ ಮೇಲಿತ್ತು. ಮೊಣಕೈಯ ಒಳಮೈಯನ್ನು ಹೆಬ್ಬೆರಳಿನಿಂದ ತಡವುತ್ತಿದ್ದಳು. ಕೈ ನಡುಗುತ್ತದೆ ಎಂದು ಅವಳು ಸೂಜಿ ಬಿಟ್ಟು ಹದಿನೈದು ವರ್ಷವಾಯಿತು, ಆ ಹೆಬ್ಬೆರಳು ಮಾತ್ರ ಇನ್ನೂ ಕೆಲಸ ಬಿಟ್ಟಿಲ್ಲ.

‘ಇದು ಯಾರ ಕೈ?’ ಅಂದಳು.

ಅಂಗಡಿಗೆ ಹೊಸಬಳು ಬಂದಿದ್ದಾಳೆ, ಅವಳದು ಅಂದೆ.

‘ಎಳೆ ಮುಗಿಸಿರೋ ರೀತಿ ನಿಂದು. ನೇಯ್ದಿರೋದು ಕುರುಡಿ.’

ಇನ್ನು ನನ್ನಿಂದಾಗಲಿಲ್ಲ. ತರಕಾರಿ ಚೀಲ ಕೈಲಿ ಹಿಡಿದೇ ಎಲ್ಲ ಕಕ್ಕಿಬಿಟ್ಟೆ. ಅವಳು ಎದೆ ಬಡಿದುಕೊಂಡು ಅಳುತ್ತಾಳೆ, ಮತ್ತೆ ನಾನೇ ನಿನ್ನ ಕಣ್ಣು ತಿಂದೆ ಎಂದು ಶುರುಮಾಡುತ್ತಾಳೆ ಎಂದು ಕಾದೆ. ಅಳಲಿಲ್ಲ. ಕೋಟನ್ನು ಮಡಿಚಿ ಪಕ್ಕಕ್ಕಿಟ್ಟಳು.

‘ನಿಂಗೊಂದು ವಿಷಯ ಹೇಳಿಲ್ಲ,’ ಅಂದಳು. ‘ನೀನು ಎರಡನೇ ಕ್ಲಾಸಲ್ಲಿದ್ದಾಗ ಮೇಷ್ಟ್ರು ಚೀಟಿ ಕಳಿಸಿದ್ರು. ಮಗೂಗೆ ಬೋರ್ಡು ಕಾಣ್ತಿಲ್ಲ, ಕನ್ನಡಕ ಹಾಕಿಸಿ ಅಂತ. ನಾನು ಅದನ್ನ ದಾರದ ಡಬ್ಬಿಲಿ ಇಟ್ಟೆ. ಆಗ್ಲೇ ನೀನು ನನಗಿಂತ ಸಣ್ಣ ಎಳೆ ಹಿಡೀತಿದ್ದೆ. ನಿಮ್ಮಪ್ಪ ಹೋಗಿ ಆರು ತಿಂಗಳು. ಮನೆ ನಡೀತಿದ್ದಿದ್ದೇ ನಿನ್ನ ಕಣ್ಣಲ್ಲಿ. ಕನ್ನಡಕ ಹಾಕಿದ್ರೆ ಆ ಹತ್ತಿರದ ಕಣ್ಣು ಹೋಗಿಬಿಡುತ್ತೆ ಅಂದ್ಕೊಂಡೆ.’

ಎಷ್ಟು ದಿನ ಎಂದು ಕೇಳಿದೆ.

‘ಎರಡು ವರ್ಷ,’ ಅಂದಳು.

ಏಪ್ರಿಲ್ ೪, ಶುಕ್ರವಾರ

ಎರಡು ವರ್ಷ.

ಕರಿಹಲಗೆ ಅಂದರೆ ಬರೀ ಕಪ್ಪು ಗೋಡೆ, ಅದರ ಮೇಲೆ ಏನಿದೆ ಎಂದು ಮಕ್ಕಳೆಲ್ಲ ಊಹಿಸಿ ಹೇಳುತ್ತಾರೆ ಎಂದುಕೊಂಡಿದ್ದೆ. ನನಗೆ ಊಹೆ ಬರುವುದಿಲ್ಲ, ನಾನು ಮೊದ್ದು ಎಂದು ನಂಬಿದ್ದೆ. ಕೊನೆಯ ಬೆಂಚಿನಲ್ಲಿ ಕೂರಿಸಿದರು. ಒಂದು ವರ್ಷ ಅದೇ ಕ್ಲಾಸಿನಲ್ಲಿ ಮತ್ತೆ ಕೂತೆ. ಆ ಚೀಟಿ ಮಾತ್ರ ದಾರದ ಡಬ್ಬಿಯಲ್ಲಿ ಬೆಚ್ಚಗಿತ್ತು.

ಅಮ್ಮನ ಜೊತೆ ಮಾತಾಡಿಲ್ಲ. ಎರಡು ಕೋಣೆಯ ಮನೆಯಲ್ಲಿ ಮಾತಾಡದೇ ಇರುವುದು ಎಷ್ಟು ಕಷ್ಟ. ಅವಳು ಎಲ್ಲಿ ಕೂತರೂ ನನಗೆ ಕಾಣುತ್ತಾಳೆ. ಮೊದಲಾಗಿದ್ದರೆ ಕನ್ನಡಕ ತೆಗೆದರೆ ಸಾಕಿತ್ತು, ಅವಳು ಇರುತ್ತಿರಲಿಲ್ಲ.

ಏಪ್ರಿಲ್ ೬, ಭಾನುವಾರ

ಸಿಟ್ಟು ಇಳಿದಿಲ್ಲ. ಆದರೆ ಒಂದು ಯೋಚನೆ ಬೆಳಗಿನಿಂದ ಬೆನ್ನು ಬಿಡುತ್ತಿಲ್ಲ. ಕನ್ನಡಕ ಹಾಕಿದರೆ ಕಣ್ಣು ಹೋಗುತ್ತದೆ ಎಂದು ಅವಳು ನಂಬಿದಳು. ತೆಗೆಸಿದರೆ ಬರುತ್ತದೆ ಎಂದು ನಾನು ನಂಬಿದೆ. ಇಬ್ಬರೂ ಬಾಯಿ ಬಿಟ್ಟು ಒಬ್ಬರನ್ನು ಕೇಳಲಿಲ್ಲ. ಬೆಪ್ಪುತಕ್ಕಡಿ ತಾಯಿಗೆ ತಕ್ಕ ಬೆಪ್ಪುತಕ್ಕಡಿ ಮಗಳು.

ಅವಳು ಕರಿ ಕೋಟಿನ ಒಳಮಡಿಕೆ ಬಿಚ್ಚಿ ಎಳೆ ತೆಗೆಯುತ್ತಿದ್ದಾಳೆ. ನಾನು ಹೇಳಿಲ್ಲ, ಅವಳೂ ಕೇಳಿಲ್ಲ. ಕೈ ನಡುಗಿದರೂ ಎಳೆ ಹರಿಯುತ್ತಿಲ್ಲ, ಬೆರಳಿನಲ್ಲೇ ನೋಡುತ್ತಾಳೆ. ತೆಗೆದದ್ದನ್ನು ಬಿಳಿ ತಟ್ಟೆಯ ಮೇಲೆ ಹಾಸು ಒಂದು ಕಡೆ, ಹೊಕ್ಕು ಒಂದು ಕಡೆ ಜೋಡಿಸಿದ್ದಾಳೆ. ಯಾರಿಗೆ ಅಂತ?

ಮಧ್ಯಾಹ್ನ ಊಟಕ್ಕೆ ಕೂತಾಗ, ಕನ್ನಡಕದವರ ಹತ್ತಿರ ಹೋಗಿ ಬರಬಾರದೇ ಎಂದು ತಟ್ಟೆ ನೋಡಿಕೊಂಡೇ ಅಂದಳು.

ಏಪ್ರಿಲ್ ೭, ಸೋಮವಾರ

ಕನ್ನಡಕದವರು ಎಂದರೆ ನನಗೆ ಒಂಬತ್ತನೇ ವರ್ಷದಿಂದ ಕನ್ನಡಕ ಮಾಡಿಕೊಟ್ಟ ಮುದುಕರು. ಬಾಗಿಲಲ್ಲಿ ನನ್ನನ್ನು ನೋಡಿದವರೇ, ‘ಹೇಳದೆ ಕೇಳದೆ ಹೋದ್ರಿ, ಈಗ ಕಣ್ಣು ತೋರಿಸೋಕೆ ಬಂದ್ರಾ?’ ಅಂದರು. ನಾನು ಅತ್ತುಬಿಟ್ಟೆ. ಪಾಪ, ಅವರು ಗಾಬರಿಯಾಗಿ ಗಿರಾಕಿಗಳಿಗೆ ಕೊಡುವ ಒರೆಸುವ ಬಟ್ಟೆಯನ್ನೇ ಕೊಟ್ಟರು.

ಕೇಳಿದ ಮೇಲೆ ಒಂದು ಹಳೇ ಪೆಟ್ಟಿಗೆ ತೆಗೆದರು. ಒಳಗೆ ಸಾಲುಸಾಲು ದುಂಡು ಗಾಜು. ನನ್ನ ಹಳೇ ನಂಬರು ಅವರಿಗೆ ಬಾಯಿಪಾಠ. ಎಂಟನ್ನೇ ತೆಗೆದರು, ಆದರೆ ಮೈನಸ್ ಅಲ್ಲ, ಪ್ಲಸ್. ನನ್ನ ಹಳೇ ಗಾಜು ಅಂಚಿನಲ್ಲಿ ದಪ್ಪ, ಇದು ನಡುವೆ ಉಬ್ಬು. ಕಣ್ಣಿನೊಳಗಿಂದ ಕೆತ್ತಿ ಬಿಸಾಕಿದ್ದನ್ನು ಹೊರಗೆ ಮೂಗಿನ ಮೇಲೆ ಕೂರಿಸೋಣ ಅಂದರು. ಕೆಲಸ ಮಾಡುವಾಗ ಮಾತ್ರ. ಎರಡು ಕಣ್ಣೂ ಅಷ್ಟು ಹತ್ತಿರಕ್ಕೆ ತಿರುಗಲು ಗಾಜನ್ನು ಸ್ವಲ್ಪ ಓರೆ ಮಾಡಿ ತರಿಸಬೇಕಂತೆ, ನಾಲ್ಕು ದಿನ ಹಿಡಿಯುತ್ತದಂತೆ.

ಪರೀಕ್ಷೆಯ ಚೌಕಟ್ಟಿಗೆ ಗಾಜು ಹಾಕಿಕೊಟ್ಟು ಕೈಯನ್ನು ಮುಖದ ಹತ್ತಿರ ತಂದುಕೊಳ್ಳಿ ಅಂದರು. ತಂದೆ. ಅರ್ಧ ಗೇಣಿನಲ್ಲಿ ನನ್ನ ಬೆರಳಿನ ಗೆರೆಗಳು ಎದ್ದು ಬಂದವು, ಸೂಜಿ ಚುಚ್ಚಿದ ಹಳೇ ಚುಕ್ಕೆಗಳ ಸಹಿತ. ಕಳೆದುಹೋದ ಮನೆಯ ಬೀಗದ ಕೈ ಸಿಕ್ಕಿದ ಹಾಗಾಯಿತು.

ಕನ್ನಡಿ ತೋರಿಸಿದರು. ಕಣ್ಣು ಎರಡೂ ತಟ್ಟೆಯಷ್ಟಗಲ. ಇಸ್ತ್ರಿಯವನಿಗೆ ಇನ್ನು ಹಬ್ಬವೋ ಹಬ್ಬ.

ಏಪ್ರಿಲ್ ೧೨, ಶನಿವಾರ

ನಿನ್ನೆ ಕನ್ನಡಕ ಬಂತು. ಯಜಮಾನರಿಗೆ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಇಷ್ಟು ದಿನ ಯಾಕಮ್ಮ ನುಂಗಿಕೊಂಡಿದ್ರಿ ಅಂದರು. ಇಸ್ತ್ರಿಯವನು ನೋಡಿ ಬಾಯಿ ತೆಗೆದ. ಏನಾದರೂ ಅಂದರೆ ನಿನ್ನ ಇಸ್ತ್ರಿಪೆಟ್ಟಿಗೆ ನಿನಗೇ ಇಡುತ್ತೇನೆ ಅಂದೆ, ಮುಚ್ಚಿಕೊಂಡ. ಆಮೇಲೆ ಪಕ್ಕಕ್ಕೆ ಬಂದು ನಿಂತು, ಎಳೆ ಹೇಗೆ ಕೂರಿಸುತ್ತೀರಿ ತೋರಿಸಿ ಅಂದ. ಒಂದು ಚಿಂದಿ ಬಟ್ಟೆಯ ಮೇಲೆ ತೋರಿಸಿದೆ. ಹದಿನೆಂಟು ವರ್ಷಕ್ಕೆ ಮೊದಲ ಸಲ ತೇಪೆ ಅನ್ನಲಿಲ್ಲ. ಪರದೆ ಒಗೆಯಲು ಹೋದದ್ದು ಇನ್ನೂ ಬಂದಿಲ್ಲ, ನೆನಪು ಮಾಡಬೇಕು.

ನಿನ್ನೆ ಮೂರು ಸಲ ಬಿಚ್ಚಿದೆ. ಕೈ ಇನ್ನೂ ಹೊಸ ಕಣ್ಣನ್ನು ನಂಬುತ್ತಿಲ್ಲ, ಕತ್ತು ಹಿಡಿದುಕೊಳ್ಳುತ್ತದೆ. ಇವತ್ತು ಮನೆಯಲ್ಲಿ ಅಮ್ಮ ಬಿಳಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತು ಒಂದೊಂದೇ ಎಳೆ ಕೊಟ್ಟಳು. ಈ ಕನ್ನಡಕ ಹಾಕಿಕೊಂಡರೆ ಅರ್ಧ ಗೇಣಿನಾಚೆ ಮತ್ತೆ ಹಳೇ ಮಂಜು. ಅಮ್ಮನ ಕೈ ಮಾತ್ರ ಮಂಜಿನೊಳಗಿಂದ ಬರುತ್ತಿತ್ತು, ಹೋಗುತ್ತಿತ್ತು. ಆಗಾಗ ಕನ್ನಡಕ ಹಣೆಗೇರಿಸಿ ಅವಳ ಮುಖ ನೋಡಿದೆ. ಅದೇ ತಪ್ಪಿತಸ್ಥಳ ಮುಖ. ‘ನನ್ನೇನು ನೋಡ್ತೀಯ, ಬಟ್ಟೆ ನೋಡು’ ಅಂದಳು.

ಅಕ್ಷರ ಮತ್ತೆ ಇರುವೆಗಳಾಗಿವೆ. ಇವತ್ತಿನದೆಲ್ಲ ಮುಕ್ಕಾಲು ಪುಟದಲ್ಲಿ ಹಿಡಿಸಿತು.

ಏಪ್ರಿಲ್ ೧೪, ಸೋಮವಾರ

ಮಧ್ಯಾಹ್ನ ಲಾಯರಮ್ಮ ಬಂದರು. ಅಮ್ಮ ಬೆಳಿಗ್ಗೆಯೇ ಹಟ ಹಿಡಿದು ನನ್ನ ಜೊತೆ ಅಂಗಡಿಗೆ ಬಂದಿದ್ದಳು. ಲಾಯರಮ್ಮ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು, ಬಾಗಿಲ ಬೆಳಕಿಗೆ ಹೋಗಿ ಎದೆ ಬಗ್ಗಿಸಿ ನೋಡಿದರು, ಕೊನೆಗೆ ಕೋಟು ಬಿಚ್ಚಿ ಮೇಜಿನ ಮೇಲೆ ಹಾಸಿದರು. ಯಜಮಾನರೂ ಬಾಗಿದರು. ಇಸ್ತ್ರಿಯವನು ಇಲ್ಲಿ ಎಂದು ಬೆರಳಿಟ್ಟ, ಅದು ಬರೀ ಒಂದು ಧೂಳು. ಲಾಯರಮ್ಮ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ನಿಜ ಹೇಳಬೇಕೆಂದರೆ ಆ ಕನ್ನಡಕವಿಲ್ಲದೆ ನನಗೂ ಗೊತ್ತಾಗುತ್ತಿರಲಿಲ್ಲ.

ಆಗ ಅಮ್ಮ ಮುಂದೆ ಬಂದಳು. ಕಣ್ಣು ಮುಚ್ಚಿ, ಬಟ್ಟೆಯನ್ನು ಹೆಬ್ಬೆರಳು ಬೆರಳಿನ ನಡುವೆ ಹಿಡಿದು, ಕಾಲರಿನಿಂದ ಜೇಬಿಗೆ, ಜೇಬಿನಿಂದ ಗುಂಡಿಗೆ ತಡವುತ್ತಾ ಹೋದಳು. ಒಂದು ಸಲ ಪೂರ್ತಿ ತಡವಿದಳು. ಮತ್ತೆ ಹಿಂದಕ್ಕೆ ಬಂದಳು. ಕಣ್ಣು ಬಿಟ್ಟಳು.

‘ಎಲ್ಲೇ?’ ಅಂದಳು.

ನನ್ನ ಕೆಲಸಕ್ಕೆ ಅಮ್ಮ ಯಾವತ್ತೂ ಹಾಗೆ ಕೇಳಿರಲಿಲ್ಲ. ಹೇಳಲಿಲ್ಲ.

ಸಂಜೆ ಇಬ್ಬರೂ ನಡೆದು ಬಸ್ ನಿಲ್ದಾಣಕ್ಕೆ ಬಂದೆವು. ಉಬ್ಬು ಕನ್ನಡಕ ಪೆಟ್ಟಿಗೆಯಲ್ಲಿತ್ತು, ಬೀದಿಯೆಲ್ಲ ಕಾಣುತ್ತಿತ್ತು, ಪಕ್ಕದಲ್ಲಿ ಅವಳ ಮುಖವೂ. ಹುಬ್ಬಿನ ನಡುವಿನ ಗೆರೆ ಮತ್ತೆ ಕೂಡಿತು. ಶುರುಮಾಡುತ್ತಾಳೆ ಎಂದು ಗೊತ್ತಾಯಿತು.

‘ಆ ಚೀಟಿ ಬಂದ ದಿನಾನೇ ನಿನ್ನ ಕರ್ಕೊಂಡು ಹೋಗಿದ್ದಿದ್ರೆ...’

‘ಅಮ್ಮ,’ ಅಂದೆ, ‘ರಫು ಆದ ಜಾಗ ತೋರಿಸ್ಬಾರ್ದು.’

ಅವಳು ನನ್ನನ್ನು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಒಂದು ಬಸ್ಸು ಕಾಣಿಸಿತು. ಅಮ್ಮ ಎಂದಿನಂತೆ ಕತ್ತು ಉದ್ದ ಮಾಡಿದಳು, ಆಮೇಲೆ ಏನೆನ್ನಿಸಿತೋ ಹಿಂದೆ ಸರಿದು ನಿಂತಳು.

‘ನಂಬರು ಎಷ್ಟು, ಓದೇ,’ ಅಂದಳು.

ಓದಿ ಹೇಳಿದೆ.